ಸೋರ್ಡ್ಸ್ ಹಾಕಬೇಕಾ, ಪಾಥ್ ಹಾಕಬೇಕಾ? ಒಂದೇ ಬಿಳಿ ಮನಾದ ಎರಡು ಕಾರ್ಡ್‌ಗಳ ಹೋಲಿಕೆ

ಮ್ಯಾಜಿಕ್: ದಿ ಗ್ಯಾದರಿಂಗ್ ಎಂಬ ಕಾರ್ಡ್ ಆಟದಲ್ಲಿ ಬಿಳಿ ಬಣ್ಣದ ಡೆಕ್ ಕಟ್ಟುವ ಎಲ್ಲರಿಗೂ ಈ ಪ್ರಶ್ನೆ ಒಂದಲ್ಲ ಒಂದು ಸಲ ಎದುರಾಗುತ್ತದೆ. ಎದುರಿನವರ ಪರ ಕಾದಾಡುವ ಜೀವಿಯನ್ನು, ಅಂದರೆ ಕ್ರೀಚರ್ ಅನ್ನು, ತೆಗೆಯುವ ಕಾರ್ಡ್‌ಗೆ ಡೆಕ್‌ನಲ್ಲಿ ನಾಲ್ಕು ಜಾಗ ಉಳಿದಿದೆ. ಅಲ್ಲಿ ಸೋರ್ಡ್ಸ್ ಟು ಪ್ಲೌಷೇರ್ಸ್ ಕೂರಬೇಕಾ, ಪಾಥ್ ಟು ಎಕ್ಸೈಲ್ ಕೂರಬೇಕಾ? ಎರಡಕ್ಕೂ ಬೇಕಾದದ್ದು ಒಂದೇ ಒಂದು ಬಿಳಿ ಮನಾ. ಮನಾ ಅಂದರೆ ಮುಖ್ಯವಾಗಿ ಲ್ಯಾಂಡ್ ಕಾರ್ಡ್‌ಗಳಿಂದ ಸಿಗುವ, ಬೇರೆ ಕಾರ್ಡ್ ಆಡಲು ತೆರಬೇಕಾದ ಶಕ್ತಿ. ಎರಡೂ ಇನ್‌ಸ್ಟಂಟ್, ಹಾಗಾಗಿ ಯಾರ ಟರ್ನ್‌ನಲ್ಲಿ ಬೇಕಾದರೂ ಹೊಡೆಯಬಹುದು. ಕ್ರೀಚರ್ ಎಷ್ಟು ದೊಡ್ಡದು, ಯಾವ ಬಣ್ಣದ್ದು ಎಂದು ಎರಡೂ ಕೇಳುವುದಿಲ್ಲ. ಟಾರ್ಗೆಟ್ ಮಾಡಲು ಬಂದರೆ ಸಾಕು, ಅದು ಎಕ್ಸೈಲ್ ಆಗುತ್ತದೆ, ಅಂದರೆ ಆಟದಿಂದಲೇ ಹೊರಗೆ ಹೋಗುತ್ತದೆ.

ವ್ಯತ್ಯಾಸ ಇರುವುದು ಆಮೇಲೆ. ಸೋರ್ಡ್ಸ್ ಹೊಡೆದರೆ, ಆ ಕ್ರೀಚರ್ ಯಾರ ಹತೋಟಿಯಲ್ಲಿತ್ತೋ ಅವರಿಗೆ ಅದರ ಪವರ್‌ನಷ್ಟು, ಅಂದರೆ ಅದು ಹೊಡೆದರೆ ಆಗುವ ಡ್ಯಾಮೇಜ್‌ನಷ್ಟು, ಲೈಫ್ ಸಿಗುತ್ತದೆ; ಲೈಫ್ ಸೊನ್ನೆಯಾದವರು ಸೋಲುತ್ತಾರೆ. ಪಾಥ್ ಹೊಡೆದರೆ, ಅವರು ತಮ್ಮ ಡೆಕ್‌ನಿಂದ ಒಂದು ಬೇಸಿಕ್ ಲ್ಯಾಂಡ್ (ಫಾರೆಸ್ಟ್, ಮೌಂಟನ್‌ನಂಥ ಸಾದಾ ಲ್ಯಾಂಡ್) ಹುಡುಕಿ, ಟ್ಯಾಪ್ ಆದ, ಅಂದರೆ ಅಡ್ಡ ತಿರುಗಿಸಿದ, ತಕ್ಷಣ ಬಳಸಲಾಗದ ಸ್ಥಿತಿಯಲ್ಲಿ ಕೆಳಗಿಡಬಹುದು. ಅಂದರೆ ಎರಡೂ ಕಾರ್ಡ್ ಎದುರಿನವರಿಗೆ ಏನೋ ಒಂದು ಪರಿಹಾರ ಕೊಡುತ್ತವೆ. ಒಂದು ಲೈಫ್ ಕೊಡುತ್ತದೆ, ಇನ್ನೊಂದು ಲ್ಯಾಂಡ್ ಕೊಡುತ್ತದೆ. ನಾನು ಇವೆರಡನ್ನೂ, ಎದುರಾಳಿಯನ್ನು ತಡೆಯುತ್ತಾ ನಿಧಾನಕ್ಕೆ ಗೆಲ್ಲುವ ಒಂದೇ ಬಿಳಿ-ನೀಲಿ ಕಂಟ್ರೋಲ್ ಡೆಕ್‌ನಲ್ಲಿ ಅದಲು ಬದಲು ಮಾಡಿ ಆಡಿದ್ದೇನೆ. ಆಮೇಲೆ ಬರೀ ಕ್ರೀಚರ್‌ಗಳಿರುವ ಬಿಳಿ ಡೆಕ್‌ನಲ್ಲೂ ಆಡಿದ್ದೇನೆ. ಅದರಿಂದ ನನಗೆ ಖಚಿತವಾದದ್ದು ಇಷ್ಟು: ಆಟ ಉದ್ದ ಆದಷ್ಟೂ ಯಾರಿಗೆ ಲಾಭ ಎಂದು ಮೊದಲು ನೋಡಬೇಕು. ನಮಗೇ ಲಾಭ ಎಂದಾದರೆ ಲೈಫ್ ಕೊಟ್ಟುಬಿಡಬಹುದು. ನಾವು ಬೇಗ ಮುಗಿಸಬೇಕು ಎಂದಾದರೆ ಲ್ಯಾಂಡ್ ಕೊಡುವುದೇ ವಾಸಿ.

ಸೋರ್ಡ್ಸ್ 1993ರ ಮೊಟ್ಟಮೊದಲ ಸೆಟ್ ಆಲ್ಫಾದಲ್ಲೇ ಬಂದ ಕಾರ್ಡ್. ಕತ್ತಿ ಹಿಡಿದವನು ಅದನ್ನು ಬಿಟ್ಟು ನೇಗಿಲು ಹಿಡಿಯುತ್ತಾನೆ, ಯುದ್ಧ ಬಿಟ್ಟು ಬೇಸಾಯಕ್ಕೆ ಹೋಗುತ್ತಾನೆ. ಅದಕ್ಕೇ ಲೈಫ್ ಸಿಗುತ್ತದೆ. ಪಾಥ್ ಬಂದದ್ದು 2009ರ ಕಾನ್‌ಫ್ಲಕ್ಸ್ ಸೆಟ್‌ನಲ್ಲಿ. ಗಡೀಪಾರಾದವನು ಹೋಗುವ ದಾರಿಯಲ್ಲಿ ಹೊಸ ನೆಲ ಸಿಕ್ಕಿತು ಎನ್ನುವ ಕಲ್ಪನೆ ಅಲ್ಲಿದೆ. ನನಗೆ ಈ ಆಟದಲ್ಲಿ ತುಂಬಾ ಇಷ್ಟವಾಗುವುದೇ ಇದು. ನಿಯಮ ಮತ್ತು ಕಥೆ ಎರಡೂ ಒಂದೇ ಸಾಲಿನಲ್ಲಿ ಕೂತಿರುತ್ತವೆ.

ಯಾವ ಫಾರ್ಮ್ಯಾಟ್ (ಯಾವ ಕಾರ್ಡ್‌ಗಳಿಗೆ ಅವಕಾಶ ಎಂದು ಹೇಳುವ ಆಟದ ಬಗೆ) ಆಡುತ್ತೀರಿ ಎನ್ನುವುದು ಅರ್ಧ ಪ್ರಶ್ನೆಯನ್ನು ತಾನೇ ಬಗೆಹರಿಸುತ್ತದೆ. 2011ರಲ್ಲಿ ಶುರುವಾದ ಮಾಡರ್ನ್ ಫಾರ್ಮ್ಯಾಟ್‌ನಲ್ಲಿ ಸೋರ್ಡ್ಸ್‌ಗೆ ಜಾಗವೇ ಇಲ್ಲ, ಪಾಥ್‌ಗೆ ಇದೆ. ಲೆಗಸಿ, ವಿಂಟೇಜ್, ಕಮಾಂಡರ್ ಮೂರರಲ್ಲೂ ಎರಡನ್ನೂ ಆಡಬಹುದು. ಹಾಗಾಗಿ ನಿಜವಾದ ಪೈಪೋಟಿ ಇರುವುದು ಈ ಮೂರರಲ್ಲಿ.

ಎಕ್ಸೈಲ್ ಎನ್ನುವುದು ಯಾಕೆ ಇಷ್ಟು ದೊಡ್ಡ ಮಾತು ಎಂದು ಹೊಸಬರು ಕೇಳುತ್ತಾರೆ. ಕೊಂದರೆ ಸಾಲದೇ? ಸಾಲದು. ವರ್ಮ್‌ಕಾಯಿಲ್ ಎಂಜಿನ್ 6/6 ಕ್ರೀಚರ್ (ಮೊದಲ ಅಂಕಿ ಪವರ್, ಎರಡನೆಯದು ಟಫ್‌ನೆಸ್, ಅಂದರೆ ಅದನ್ನು ಕೊಲ್ಲಲು ಬೇಕಾದ ಡ್ಯಾಮೇಜ್). ಅದನ್ನು ಕೊಂದರೆ ಅದರ ಜಾಗದಲ್ಲಿ ಎರಡು 3/3 ಟೋಕನ್ (ಡೆಕ್‌ನ ಕಾರ್ಡ್ ಅಲ್ಲದ ಕ್ರೀಚರ್) ಎದ್ದು ನಿಲ್ಲುತ್ತವೆ. ಕಿಚನ್ ಫಿಂಕ್ಸ್ ಸತ್ತರೆ ಸ್ವಲ್ಪ ಚಿಕ್ಕದಾಗಿ ವಾಪಸ್ ಬರುತ್ತದೆ. ಇನ್‌ಡಿಸ್ಟ್ರಕ್ಟಿಬಲ್ ಕ್ರೀಚರ್ ಅನ್ನಂತೂ ಡಿಸ್ಟ್ರಾಯ್ ಮಾಡಲು ಆಗುವುದೇ ಇಲ್ಲ. ಎಕ್ಸೈಲ್ ಆದರೆ ಇದ್ಯಾವ ಕಾಟವೂ ಇಲ್ಲ. ಸತ್ತ, ಬಳಸಿ ಮುಗಿದ ಕಾರ್ಡ್‌ಗಳು ಬೀಳುವ ಗ್ರೇವ್‌ಯಾರ್ಡ್‌ಗೆ ಹೋಗುವುದಿಲ್ಲ, ಅಲ್ಲಿಂದ ಎಬ್ಬಿಸಲೂ ಆಗುವುದಿಲ್ಲ. ಈ ವಿಷಯದಲ್ಲಿ ಎರಡೂ ಕಾರ್ಡ್ ಸಮ ಸಮ. ಹಾಗೇ, ಟಾರ್ಗೆಟ್ ಆದ ಕ್ರೀಚರ್ ಅನ್ನು ಎದುರಾಳಿ ತಾನೇ ಸ್ಯಾಕ್ರಿಫೈಸ್ ಮಾಡಿಬಿಟ್ಟರೆ ಎರಡೂ ವ್ಯರ್ಥ. ಆಗ ಲೈಫೂ ಇಲ್ಲ, ಲ್ಯಾಂಡೂ ಇಲ್ಲ.

ಈಗ ಮೊದಲ ಎರಡು ಮೂರು ಟರ್ನ್‌ಗಳನ್ನು ನೋಡಿ. ಪಾಥ್‌ನ ದೊಡ್ಡ ದೌರ್ಬಲ್ಯ ಕಾಣುವುದು ಇಲ್ಲೇ.

ಎದುರಾಳಿ ಮೊದಲ ಟರ್ನ್‌ನಲ್ಲೇ ಲ್ಯಾನೊವಾರ್ ಎಲ್ವ್ಸ್ ಇಟ್ಟರು ಎಂದುಕೊಳ್ಳಿ. 1/1 ಕ್ರೀಚರ್, ಟ್ಯಾಪ್ ಮಾಡಿದರೆ ಒಂದು ಹಸಿರು ಮನಾ. ಅದಕ್ಕೆ ಸೋರ್ಡ್ಸ್ ಹೊಡೆದರೆ ಅವರಿಗೆ ಸಿಗುವುದು 1 ಲೈಫ್. ಬರ್ಡ್ಸ್ ಆಫ್ ಪ್ಯಾರಡೈಸ್ ಆಗಿದ್ದರೆ ಅದರ ಪವರ್ ಸೊನ್ನೆ, ಹಾಗಾಗಿ ಲೈಫೂ ಸೊನ್ನೆ. ಎದುರಿನವರ ವೇಗ ಅಲ್ಲಿಗೇ ನಿಂತಿತು. ಅದೇ ಜಾಗದಲ್ಲಿ ಪಾಥ್ ಹೊಡೆದರೆ? ಮನಾ ಕೊಡುವ ಕ್ರೀಚರ್ ಹೋಯಿತು, ಮನಾ ಕೊಡುವ ಲ್ಯಾಂಡ್ ಬಂತು. ಕ್ರೀಚರ್ ಆದರೆ ಯಾರಾದರೂ ಕೊಲ್ಲಬಹುದಿತ್ತು, ಲ್ಯಾಂಡ್ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಒಂದು ಕಾರ್ಡ್ ಖರ್ಚು ಮಾಡಿ ಎದುರಿನವರ ಕೈ ಬಲಪಡಿಸಿದ ಹಾಗಾಯಿತು. ಪಾಥ್ ಕೈಯಲ್ಲಿದ್ದಾಗ ನಾನು ಇಂಥ ಕ್ರೀಚರ್‌ಗಳನ್ನು ಮುಟ್ಟುವುದೇ ಇಲ್ಲ, ಸುಮ್ನೆ ಬಿಟ್ಟುಬಿಡುತ್ತೇನೆ.

ಎರಡನೇ ಟರ್ನ್‌ಗೆ ಬರೋಣ. ಜುಂಡ್ (ಕಪ್ಪು-ಕೆಂಪು-ಹಸಿರು) ಡೆಕ್‌ನವರು ಟಾರ್ಮೊಗಾಯ್ಫ್ ಎಂಬ ಕ್ರೀಚರ್ ಇಟ್ಟರು. ಎಲ್ಲರ ಗ್ರೇವ್‌ಯಾರ್ಡ್‌ಗಳಲ್ಲಿ ಸೇರಿ ಎಷ್ಟು ಬಗೆಯ ಕಾರ್ಡ್ ಇವೆಯೋ ಅಷ್ಟು ಅದರ ಪವರ್. ಈಗ 3 ಇದೆ ಎನ್ನಿ. ನಾನು ಪಾಥ್ ಹೊಡೆದೆ. ಅವರು ಒಂದು ಫಾರೆಸ್ಟ್ ತಂದಿಟ್ಟರು. ಅವರ ಮೂರನೇ ಟರ್ನ್‌ನಲ್ಲಿ ಕೈಯಿಂದ ಇನ್ನೊಂದು ಲ್ಯಾಂಡ್ ಬಂತು. ಮೂರು ಇರಬೇಕಾದ ಕಡೆ ನಾಲ್ಕು ಲ್ಯಾಂಡ್! ತಕ್ಷಣ ಬ್ಲಡ್‌ಬ್ರೇಡ್ ಎಲ್ಫ್ ಬಂತು, ಕ್ಯಾಸ್ಕೇಡ್ ಆಗಿ ಅದರ ಜತೆಗೆ ಇನ್ನೊಂದು ಕಾರ್ಡ್ ಬಿಟ್ಟಿ. ಒಂದು ಟಾರ್ಮೊಗಾಯ್ಫ್ ತೆಗೆದೆ, ಆದರೆ ನಾಲ್ಕು ಮನಾದ ಕಾರ್ಡ್ ಒಂದು ಟರ್ನ್ ಮೊದಲೇ ನನ್ನ ಮೇಲೆ ಬಿತ್ತು. ಸೋರ್ಡ್ಸ್ ಆಗಿದ್ದರೆ ಅವರ ಲೈಫ್ 20ರಿಂದ 23 ಆಗುತ್ತಿತ್ತು, ಅಷ್ಟೇ. ಆ ಹೊತ್ತಿಗೆ ಕಂಟ್ರೋಲ್ ಡೆಕ್‌ಗೆ 20 ಆದರೇನು, 23 ಆದರೇನು? ನಾನು ಗೆಲ್ಲುವುದು ಹತ್ತು ಹನ್ನೆರಡು ಟರ್ನ್ ಆದಮೇಲೆ, ಆಟದ ಹಿಡಿತ ಪೂರ್ತಿ ಕೈಗೆ ಬಂದಮೇಲೆ.

ನೇರ ಡ್ಯಾಮೇಜ್ ಕಾರ್ಡ್‌ಗಳಿಂದ ಬೇಗ ಮುಗಿಸುವ ಬರ್ನ್ ಡೆಕ್ ಎದುರಿಗಿದ್ದರೂ ಇದೇ ಕಥೆ, ಸ್ವಲ್ಪ ಜಾಸ್ತಿಯೇ. ಗಾಬ್ಲಿನ್ ಗೈಡ್ 2/2, ಒಂದು ಮನಾ. ಬರ್ನ್ ಆಡುವವರ ಕಾರ್ಡ್‌ಗಳೆಲ್ಲ ಹೆಚ್ಚುಕಡಿಮೆ ಒಂದು, ಎರಡು ಮನಾದವು. ಅಂಥವರಿಗೆ ಒಂದು ಮೌಂಟನ್ ಕೊಟ್ಟರೆ ಪ್ರತಿ ಟರ್ನ್‌ಗೂ ಒಂದು ಲೈಟ್ನಿಂಗ್ ಬೋಲ್ಟ್ (ಒಂದು ಮನಾಕ್ಕೆ 3 ಡ್ಯಾಮೇಜ್) ಹೆಚ್ಚು ಹೊಡೆಯುವ ಶಕ್ತಿ ಕೊಟ್ಟಂತೆ. ಅವರಿಗೆ 2 ಲೈಫ್ ಸಿಕ್ಕಿದರೆ ಏನೂ ಪ್ರಯೋಜನ ಇಲ್ಲ, ಅವರು ಕಾಯ್ದುಕೊಳ್ಳುವ ಆಟವೇ ಆಡುವುದಿಲ್ಲ.

ಆದರೆ ಆಟ ಮುಂದುವರಿದಂತೆ ತಕ್ಕಡಿ ನಿಧಾನಕ್ಕೆ ಈಚೆ ವಾಲುತ್ತದೆ. ಎದುರಾಳಿಯ ಬಳಿ ಆರೇಳು ಲ್ಯಾಂಡ್ ಇದ್ದಾಗ ಇನ್ನೊಂದು ಬಂದರೆ ಅದರಿಂದ ಏನೂ ಆಗುವುದಿಲ್ಲ. ಆಗ ಪಾಥ್ ಸರಿಸುಮಾರು ಬಿಟ್ಟಿ. ಸೋರ್ಡ್ಸ್‌ನ ಲೆಕ್ಕ ತದ್ವಿರುದ್ಧ. ಆಟದ ಕೊನೆಯಲ್ಲಿ ಕ್ರೀಚರ್‌ಗಳು ದೊಡ್ಡವಾಗಿರುತ್ತವೆ, ಹಾಗಾಗಿ ಕೊಡಬೇಕಾದ ಲೈಫೂ ಜಾಸ್ತಿ.

ಇದನ್ನು ಹತ್ತಿರದಿಂದ ನೋಡಬೇಕಾದರೆ ಕ್ರೀಚರ್ ಡೆಕ್‌ನಲ್ಲಿ ಆಡಬೇಕು. ನನ್ನ ಬಿಳಿ ಕ್ರೀಚರ್ ಡೆಕ್‌ನಲ್ಲಿ ಪದೇ ಪದೇ ಬರುವ ಸನ್ನಿವೇಶ ಇದು: ಎದುರಾಳಿಯ ಲೈಫ್ 4ಕ್ಕೆ ಇಳಿದಿದೆ. ನನ್ನ ಬಳಿ ಎರಡು 2/2 ಇವೆ. ಅವರ ಬಳಿ ಒಂದು 6/6 ಬ್ಲಾಕರ್ ನಿಂತಿದೆ, ಬೇರೇನೂ ಇಲ್ಲ. ಕೈಯಲ್ಲಿ ಪಾಥ್ ಇದ್ದರೆ 6/6 ಹೋಯಿತು, ಅವರಿಗೊಂದು ಲ್ಯಾಂಡ್ ಬಂತು, ನನ್ನ ಎರಡೂ ಕ್ರೀಚರ್ ನುಗ್ಗಿದವು, 4 ಡ್ಯಾಮೇಜ್, ಆಟ ಮುಗಿಯಿತು. ಟ್ಯಾಪ್ ಆಗಿ ಬಂದ ಆ ಲ್ಯಾಂಡ್ ಬಳಸುವ ಟರ್ನ್ ಅವರಿಗೆ ಬರಲೇ ಇಲ್ಲ. ಅದೇ ಜಾಗದಲ್ಲಿ ಸೋರ್ಡ್ಸ್ ಇದ್ದರೆ ಅವರ ಲೈಫ್ 4ರಿಂದ 10ಕ್ಕೆ ಏರುತ್ತದೆ. ನಾನು ಹೊಡೆದ ಮೇಲೂ 6 ಉಳಿಯುತ್ತದೆ. ಇನ್ನೂ ಎರಡು ಟರ್ನ್ ಬೇಕು. ಆ ಎರಡು ಟರ್ನ್‌ನಲ್ಲಿ ಅವರು ಎರಡು ಹೊಸ ಕಾರ್ಡ್ ಎತ್ತುತ್ತಾರೆ. ಬೇಗ ಮುಗಿಸುವ ಡೆಕ್‌ಗೆ ಲೈಫ್ ಕೊಡುವುದೆಂದರೆ ಸಮಯ ಕೊಡುವುದು.

ಪಾಥ್‌ನ ಇನ್ನೊಂದು ಬಲ ಕಾರ್ಡ್ ಮೇಲಿನ ಬರಹದಲ್ಲೇ ಇದೆ. ಕೊಡುವುದು ಬೇಸಿಕ್ ಲ್ಯಾಂಡ್ ಮಾತ್ರ. ಎದುರಿನ ಡೆಕ್‌ನಲ್ಲಿ ಬೇಸಿಕ್ ಲ್ಯಾಂಡ್ ಇಲ್ಲದಿದ್ದರೆ ಏನೂ ಸಿಗುವುದಿಲ್ಲ. ಲೆಗಸಿಯಲ್ಲಿ ಕೆಲವು ಡೆಕ್‌ಗಳು ಪೂರ್ತಿ ಡ್ಯುಯಲ್ ಲ್ಯಾಂಡ್ (ಎರಡು ಬಣ್ಣದ ಮನಾ ಕೊಡುವುದು), ಫೆಚ್ ಲ್ಯಾಂಡ್ (ತಾನು ಹೋಗಿ ಡೆಕ್‌ನಿಂದ ಬೇರೆ ಲ್ಯಾಂಡ್ ತರುವುದು), ವೇಸ್ಟ್‌ಲ್ಯಾಂಡ್‌ನಂಥ ಬೇಸಿಕ್ ಅಲ್ಲದ ಲ್ಯಾಂಡ್‌ಗಳ ಮೇಲೆಯೇ ಓಡುತ್ತವೆ. ಅಂಥವರ ಡೆಲ್ವರ್ ಆಫ್ ಸೀಕ್ರೆಟ್ಸ್ ತಿರುಗಿ 3/2 ಆಗಿ ಹಾರಿ ಬರುತ್ತಿದ್ದರೆ ಪಾಥ್ ಹೊಡೆದು ಕೈತೊಳೆದುಕೊಳ್ಳಬಹುದು. ಬೇಸಿಕ್ ಒಂದೆರಡು ಇದ್ದರೂ ಅವು ಖಾಲಿಯಾಗುತ್ತವೆ. ನನ್ನ ಡೆಕ್‌ನಲ್ಲಿ ಘೋಸ್ಟ್ ಕ್ವಾರ್ಟರ್ ಇದ್ದಾಗ ಇದನ್ನು ಚೆನ್ನಾಗಿ ಬಳಸಿಕೊಳ್ಳುತ್ತೇನೆ. ಅದು ಲ್ಯಾಂಡ್ ಒಂದನ್ನು ಒಡೆದು ಬದಲಿಗೆ ಬೇಸಿಕ್ ಕೊಡುತ್ತದೆ. ಮೊದಲು ಪಾಥ್, ಆಮೇಲೆ ಘೋಸ್ಟ್ ಕ್ವಾರ್ಟರ್. ಬೇಸಿಕ್ ಮುಗಿದ ಮೇಲೆ ಹೊಡೆದ ಪ್ರತಿಯೊಂದೂ ಅವರಿಗೆ ಶುದ್ಧ ನಷ್ಟ.

ಇದನ್ನೇ ಗಟ್ಟಿ ಮಾಡಬೇಕಾದರೆ ಲಿಯೋನಿನ್ ಆರ್ಬಿಟರ್ ಇದೆ. ಎರಡು ಮನಾದ 2/2 ಬೆಕ್ಕು. ಅದು ಕೆಳಗಿದ್ದಾಗ ಯಾರೂ ತಮ್ಮ ಡೆಕ್ ಹುಡುಕುವಂತಿಲ್ಲ. ಹುಡುಕಲೇಬೇಕೆಂದರೆ ಎರಡು ಮನಾ ಕೊಡಬೇಕು. ಎದುರಾಳಿಯ ಲ್ಯಾಂಡ್‌ಗಳೆಲ್ಲ ಟ್ಯಾಪ್ ಆದ ಹೊತ್ತಿಗೆ ಪಾಥ್ ಹೊಡೆದರೆ ಕ್ರೀಚರೂ ಹೋಯಿತು, ಲ್ಯಾಂಡೂ ಬರಲಿಲ್ಲ. ಆ ಹೊತ್ತಿನಲ್ಲಿ ಪಾಥ್ ನಿಜಕ್ಕೂ ಸೋರ್ಡ್ಸ್‌ಗಿಂತ ಒಳ್ಳೆಯ ಕಾರ್ಡ್, ಇದರಲ್ಲಿ ನನಗೆ ಅನುಮಾನವೇ ಇಲ್ಲ. ಏವನ್ ಮೈಂಡ್‌ಸೆನ್ಸರ್ ಇದಕ್ಕೆ ಸ್ವಲ್ಪ ಸಡಿಲ ಜೋಡಿ. ಅದು ಇದ್ದರೆ ಎದುರಿನವರು ಮೇಲಿನ ನಾಲ್ಕು ಕಾರ್ಡ್ ಮಾತ್ರ ಹುಡುಕಬಹುದು, ಅದೃಷ್ಟ ಇದ್ದರೆ ಸಿಗುತ್ತದೆ.

ಮಾಡರ್ನ್‌ನಲ್ಲಿ ನಾನು ಪಾಥ್-ಆರ್ಬಿಟರ್ ಜೋಡಿಯನ್ನೇ ನೆಚ್ಚಿಕೊಂಡಿದ್ದೇನೆ. ಅಲ್ಲಿ ಸೋರ್ಡ್ಸ್ ಇಲ್ಲ ಎಂದು ಬೇಜಾರಾಗುವ ಬದಲು ಡೆಕ್ ಅನ್ನೇ ಪಾಥ್‌ಗೆ ಹೊಂದುವಂತೆ ಕಟ್ಟಬಹುದು.

ಈಗ ದೊಡ್ಡ ಕ್ರೀಚರ್‌ಗಳ ವಿಷಯ. ಲೆಗಸಿಯಲ್ಲಿ ಡಾರ್ಕ್ ಡೆಪ್ತ್ಸ್ ಮತ್ತು ಥೆಸ್ಪಿಯನ್ಸ್ ಸ್ಟೇಜ್ ಎಂಬ ಎರಡು ಲ್ಯಾಂಡ್ ಸೇರಿದರೆ ಮಾರಿಟ್ ಲೇಜ್ ಎಂಬ ಟೋಕನ್ ಹುಟ್ಟುತ್ತದೆ. 20/20, ಹಾರುತ್ತದೆ, ಇನ್‌ಡಿಸ್ಟ್ರಕ್ಟಿಬಲ್. ಒಂದೇ ಏಟಿಗೆ ಆಟ ಮುಗಿಯುತ್ತದೆ. ಇದನ್ನು ಸಾಮಾನ್ಯವಾಗಿ ನನ್ನ ಟರ್ನ್‌ನ ಕೊನೆಯಲ್ಲಿ ಹುಟ್ಟಿಸಿ, ಅವರ ಟರ್ನ್‌ನಲ್ಲಿ ಅಟ್ಯಾಕ್ ಮಾಡುತ್ತಾರೆ. ಸೋರ್ಡ್ಸ್ ಹೊಡೆದರೆ ಅವರಿಗೆ 20 ಲೈಫ್! ಕೇಳಿದರೆ ಭಯ ಆಗುತ್ತದೆ. ಆದರೆ ಅವರು ಎರಡು ಲ್ಯಾಂಡ್, ಹಲವು ಟರ್ನ್ ಸುರಿದು ಮಾಡಿದ ಇಡೀ ಯೋಜನೆಗೆ ನಾನು ಕೊಟ್ಟದ್ದು ಒಂದು ಮನಾ. ಕಂಟ್ರೋಲ್ ಡೆಕ್‌ನಲ್ಲಿ ಕೂತು ನೋಡಿದರೆ 40 ಲೈಫ್‌ಗೆ ಅರ್ಥವಿಲ್ಲ, ಮುಂದಿನ ಮಾರಿಟ್ ಲೇಜ್ ಬಾರದಂತೆ ನೋಡಿಕೊಂಡರೆ ಸಾಕು. ಕ್ರೀಚರ್ ಡೆಕ್‌ನಲ್ಲಿ ಕೂತವರಿಗೆ ಮಾತ್ರ ಅದು ಹೊಸದಾಗಿ ಇನ್ನೊಂದು ಆಟ ಶುರು ಮಾಡಿದಂತೆ. ಅಲ್ಲಿ ಪಾಥ್ ಎಷ್ಟೋ ಮೇಲು.

ಸೋರ್ಡ್ಸ್‌ನ ಲೈಫ್ ಎದುರಾಳಿಗೇ ತಿರುಗಿ ಬೀಳುವ ಒಂದು ಸಂದರ್ಭ ಇದೆ, ಅದನ್ನು ಹೇಳದೆ ಇರಲಾರೆ. ಡೆತ್ಸ್ ಶ್ಯಾಡೋ ಎಂಬ ಒಂದು ಕಪ್ಪು ಮನಾದ 13/13 ಕ್ರೀಚರ್ ಇದೆ. ಒಡೆಯನ ಲೈಫ್ ಎಷ್ಟಿದೆಯೋ ಅಷ್ಟು ಅದು ಕುಗ್ಗುತ್ತದೆ. ಅದಕ್ಕೇ ಅದನ್ನು ಆಡುವವರು ಬೇಕೆಂದೇ ತಮ್ಮ ಲೈಫ್ ಇಳಿಸಿಕೊಳ್ಳುತ್ತಾರೆ. ಅವರ ಲೈಫ್ 5ಕ್ಕೆ ಇಳಿದಿದೆ, ಎರಡು ಶ್ಯಾಡೋ ಕೆಳಗಿವೆ ಎನ್ನಿ. ಎರಡೂ 8/8. ನಾನು ಒಂದಕ್ಕೆ ಸೋರ್ಡ್ಸ್ ಹೊಡೆದೆ. ಅವರಿಗೆ 8 ಲೈಫ್ ಬಂತು, ಒಟ್ಟು 13. ಉಳಿದ ಶ್ಯಾಡೋ ಈಗ 13ರಲ್ಲಿ 13 ಕಳೆದು 0/0, ಅದೂ ಸತ್ತಿತು! ಲೆಕ್ಕ ಹಾಕಿ ನೋಡಿ, ಅವರ ಲೈಫ್ 3 ಇರಲಿ, 7 ಇರಲಿ, ಬೇರೆ ಬಲ ಸೇರಿರದಿದ್ದರೆ ಉತ್ತರ ಯಾವಾಗಲೂ 13ಕ್ಕೇ ಬಂದು ನಿಲ್ಲುತ್ತದೆ. ಒಂದು ಮನಾಕ್ಕೆ ಎರಡು ದೈತ್ಯರು ಹೋದವು. ಆಮೇಲೆ ಬರುವ ಮೂರನೇ ಶ್ಯಾಡೋ ಕೂಡ, ಅವರು ಮತ್ತೆ ಲೈಫ್ ಇಳಿಸಿಕೊಳ್ಳುವವರೆಗೆ, ಬಂದ ಕೂಡಲೇ ಸಾಯುತ್ತದೆ. ಪಾಥ್‌ನಿಂದ ಇದು ಸಾಧ್ಯವೇ ಇಲ್ಲ. ಅಲ್ಲಿ ಒಂದು ಶ್ಯಾಡೋ ಹೋಗಿ ಇನ್ನೊಂದು ಹಾಗೇ 8/8 ಆಗಿ ನಿಂತಿರುತ್ತದೆ, ಜತೆಗೆ ಒಂದು ಲ್ಯಾಂಡ್ ಬೇರೆ.

ಎದುರಿನ ಡೆಕ್ ಯಾವುದರಿಂದ ಉಣ್ಣುತ್ತದೆ ಎನ್ನುವುದನ್ನೂ ಗಮನಿಸಬೇಕು. ಲ್ಯಾಂಡ್ ಬಂದಾಗಲೆಲ್ಲ ಲಾಭ ಪಡೆಯುವ ಲ್ಯಾಂಡ್‌ಫಾಲ್ ಡೆಕ್‌ಗೆ ಪಾಥ್ ಹೊಡೆದರೆ, ಬಂದ ಲ್ಯಾಂಡ್‌ನಿಂದ ಅವರಿಗೆ ಇನ್ನೊಂದು ಸಲ ಆ ಲಾಭ ಸಿಗುತ್ತದೆ. ಲೈಫ್ ಏರಿದಾಗಲೆಲ್ಲ ಬೆಳೆಯುವ ಅಜಾನೀಸ್ ಪ್ರೈಡ್‌ಮೇಟ್‌ನಂಥ ಕ್ರೀಚರ್ ಎರಡಿದ್ದರೆ, ಒಂದಕ್ಕೆ ಸೋರ್ಡ್ಸ್ ಹೊಡೆದ ಕೂಡಲೇ ಇನ್ನೊಂದು ದೊಡ್ಡದಾಗುತ್ತದೆ.

ನಮ್ಮದೇ ಕ್ರೀಚರ್ ಮೇಲೆ ಹೊಡೆದುಕೊಳ್ಳುವುದು ಇನ್ನೊಂದು ಉಪಯೋಗ. ಹೊಸಬರಿಗೆ ಇದು ಹೊಳೆಯುವುದಿಲ್ಲ. ನನ್ನ ಕ್ರೀಚರ್ ಹೇಗೂ ಸಾಯಲಿದೆ, ಎದುರಾಳಿ ಅದಕ್ಕೆ ಬೋಲ್ಟ್ ಹೊಡೆದಿದ್ದಾರೆ. ಅದು ತಗಲುವ ಮೊದಲೇ ನಾನು ಅದಕ್ಕೆ ಪಾಥ್ ಹೊಡೆದರೆ ನನಗೊಂದು ಲ್ಯಾಂಡ್ ಸಿಗುತ್ತದೆ. ಕೈಯಲ್ಲಿ ದೊಡ್ಡ ಕಾರ್ಡ್‌ಗಳಿದ್ದು ಲ್ಯಾಂಡ್ ಸಿಗದೆ ಒದ್ದಾಡುವಾಗ ಇದು ಜೀವ ಉಳಿಸುತ್ತದೆ. ನನ್ನದೇ ಟೋಕನ್ ಒಂದಕ್ಕೆ ಪಾಥ್ ಹೊಡೆದು ಲ್ಯಾಂಡ್ ಎತ್ತಿಕೊಂಡು, ಮುಂದಿನ ಟರ್ನ್‌ನಲ್ಲಿ ಆಟ ತಿರುಗಿಸಿದ್ದೂ ಇದೆ. ಸೋರ್ಡ್ಸ್‌ನಲ್ಲಿ ಲಾಭ ಬೇರೆ ಥರದ್ದು. ಎದುರಿನ ಕ್ರೀಚರ್‌ಗೆ ನನ್ನ 4/4 ಅಡ್ಡ ನಿಂತು ಬ್ಲಾಕ್ ಮಾಡಿತು. ಡ್ಯಾಮೇಜ್ ಆಗುವ ಮೊದಲು ಅದೇ 4/4ಗೆ ಸೋರ್ಡ್ಸ್ ಹೊಡೆದೆ. ನನಗೆ 4 ಲೈಫ್. ಬ್ಲಾಕ್ ಆದ ಕ್ರೀಚರ್ ಬ್ಲಾಕ್ ಆದ ಹಾಗೇ ಉಳಿಯುತ್ತದೆ, ಅದಕ್ಕೆ ಟ್ರ್ಯಾಂಪಲ್ (ಬ್ಲಾಕ್ ಆದರೂ ಮಿಕ್ಕ ಡ್ಯಾಮೇಜ್ ದಾಟಿಸುವ ಶಕ್ತಿ) ಇಲ್ಲದಿದ್ದರೆ ನನಗೆ ಡ್ಯಾಮೇಜ್ ತಗಲುವುದಿಲ್ಲ. ಬರ್ನ್ ವಿರುದ್ಧ ಕೊನೇ ಗಳಿಗೆಯಲ್ಲಿ ಈ 4 ಲೈಫ್ ಒಂದು ಬೋಲ್ಟ್‌ಗಿಂತ ಹೆಚ್ಚು.

ಈ ಎರಡರ ಸುತ್ತ ಇನ್ನೂ ಕೆಲವು ಪೈಪೋಟಿದಾರರಿದ್ದಾರೆ. ಎಲ್ಲವನ್ನೂ ಒಂದೇ ತೂಕದಲ್ಲಿ ನೋಡುವ ಅಗತ್ಯ ಇಲ್ಲ.

ಕಂಡೆಮ್, 2006ರ ಕಾರ್ಡ್. ಅದೇ ಒಂದು ಬಿಳಿ ಮನಾ. ಅಟ್ಯಾಕ್ ಮಾಡುತ್ತಿರುವ ಕ್ರೀಚರ್ ಅನ್ನು ಮಾತ್ರ ಡೆಕ್‌ನ ತಳಕ್ಕೆ ಹಾಕುತ್ತದೆ. ಅವರಿಗೆ ಅದರ ಟಫ್‌ನೆಸ್‌ನಷ್ಟು ಲೈಫ್. ಕೂತಲ್ಲೇ ಕೆಲಸ ಮಾಡುವ ಕ್ರೀಚರ್‌ಗಳನ್ನು ಇದು ಮುಟ್ಟಲಾರದು. ತಳಕ್ಕೆ ಹೋದದ್ದು ಎದುರಾಳಿ ಫೆಚ್ ಲ್ಯಾಂಡ್ ಒಡೆದು ಡೆಕ್ ಕಲೆಸಿದ ಕೂಡಲೇ ಮತ್ತೆ ಮೇಲೆ ಬರಬಹುದು. ನಾನು ಆಡಿ ನೋಡಿ ಬಿಟ್ಟೆ.

ಫೇಟಲ್ ಪುಶ್ ಕಪ್ಪು ಬಣ್ಣದ್ದು, 2017ರಲ್ಲಿ ಬಂತು. ಎದುರಿನವರಿಗೆ ಏನೂ ಪರಿಹಾರ ಕೊಡುವುದಿಲ್ಲ, ಅದೇ ಅದರ ಸೊಗಸು. ಆದರೆ ಎರಡು ಮನಾದೊಳಗಿನ ಕ್ರೀಚರ್‌ಗೆ ಮಾತ್ರ. ಆ ಟರ್ನ್‌ನಲ್ಲಿ ನಮ್ಮದೇನಾದರೂ ಕಾರ್ಡ್ ಕೆಳಗಿನಿಂದ ಹೋಗಿದ್ದರೆ ನಾಲ್ಕು ಮನಾದವರೆಗೆ. ಫೆಚ್ ಲ್ಯಾಂಡ್ ಒಡೆದರೆ ಈ ಷರತ್ತು ಸುಲಭವಾಗಿ ಈಡೇರುತ್ತದೆ. ಮರ್ಕ್‌ಟೈಡ್ ರೀಜೆಂಟ್‌ನಂಥ ಏಳು ಮನಾದ ಡ್ರ್ಯಾಗನ್ ಬಂದರೆ ಪುಶ್ ಕೈಯಲ್ಲಿ ಸುಮ್ಮನೆ ಕೂತಿರುತ್ತದೆ. ಸೋರ್ಡ್ಸ್, ಪಾಥ್ ಎರಡಕ್ಕೂ ಆ ತೊಂದರೆ ಇಲ್ಲ.

ಪ್ರಿಸ್ಮ್ಯಾಟಿಕ್ ಎಂಡಿಂಗ್ ಮಾತ್ರ ನನ್ನ ಡೆಕ್‌ನಲ್ಲಿ ಖಾಯಂ ಜಾಗ ಗಿಟ್ಟಿಸಿದೆ. 2021ರ ಮಾಡರ್ನ್ ಹೊರೈಜನ್ಸ್ 2 ಸೆಟ್‌ನ ಕಾರ್ಡ್. ಎಷ್ಟು ಬಣ್ಣದ ಮನಾ ಕೊಟ್ಟು ಹೊಡೆದಿರೋ ಅಷ್ಟು ಬೆಲೆಯವರೆಗಿನ ಯಾವುದನ್ನಾದರೂ ಎಕ್ಸೈಲ್ ಮಾಡುತ್ತದೆ, ಲ್ಯಾಂಡ್ ಒಂದನ್ನು ಬಿಟ್ಟು. ಕ್ರೀಚರ್ ಆಗಲೇಬೇಕೆಂದಿಲ್ಲ. ಇದರ ನಿಜವಾದ ಬೆಲೆ ಚಾಲಿಸ್ ಆಫ್ ದಿ ವಾಯ್ಡ್ ಎದುರಾದಾಗ ಗೊತ್ತಾಗುತ್ತದೆ. ಚಾಲಿಸ್ ಅನ್ನು ಒಂದಕ್ಕೆ ಇಟ್ಟರೆ ಒಂದು ಮನಾದ ಕಾರ್ಡ್‌ಗಳೆಲ್ಲ ಕೌಂಟರ್ ಆಗುತ್ತವೆ, ಅಂದರೆ ಕೆಲಸ ಮಾಡದೆ ರದ್ದಾಗುತ್ತವೆ. ಸೋರ್ಡ್ಸ್, ಪಾಥ್ ಎರಡೂ ಸತ್ತ ಕಾರ್ಡ್. ಎಂಡಿಂಗ್‌ನ ಬೆಲೆ ಒಂದು ಬಿಳಿ ಮನಾ ಮತ್ತು ನಾವೇ ಆರಿಸುವ ಎಕ್ಸ್ ಮನಾ. ಆಗ ಎಕ್ಸ್ ಒಂದು ಎಂದು ಎರಡು ಮನಾ ಕೊಟ್ಟರೆ ಅದು ಎರಡು ಮನಾದ ಕಾರ್ಡ್ ಆಗಿ ಚಾಲಿಸ್‌ನ ಪಕ್ಕದಿಂದ ದಾಟಿ, ಆ ಚಾಲಿಸ್ ಅನ್ನೇ ಎತ್ತಿ ಹಾಕುತ್ತದೆ. ಕೊರತೆ ಒಂದೇ, ಇದು ಸಾರ್ಸರಿ. ನಮ್ಮ ಟರ್ನ್‌ನಲ್ಲಿ ಮಾತ್ರ ಆಡಬೇಕು. ಮಾರಿಟ್ ಲೇಜ್ ಟೋಕನ್‌ನ ಬೆಲೆ ಸೊನ್ನೆ, ಲೆಕ್ಕದಲ್ಲಿ ಒಂದೇ ಮನಾಕ್ಕೆ ಹೋಗಬೇಕು. ಆದರೆ ಅದು ನನ್ನ ಟರ್ನ್‌ನ ಕೊನೆಯಲ್ಲಿ ಹುಟ್ಟಿ ಅವರ ಟರ್ನ್‌ನಲ್ಲಿ ಹೊಡೆಯುತ್ತದೆ. ಎಂಡಿಂಗ್ ಕೈಯಲ್ಲೇ ಉಳಿದು ಆಟ ಮುಗಿಯುತ್ತದೆ. ಹಾಗಾಗಿ ಇದನ್ನು ಸೋರ್ಡ್ಸ್ ಬದಲಿಗೆ ಅಲ್ಲ, ಸೋರ್ಡ್ಸ್ ಜತೆಗೆ ಇಟ್ಟುಕೊಳ್ಳುತ್ತೇನೆ.

ಅದೇ ಸೆಟ್‌ನ ಸಾಲಿಟ್ಯೂಡ್ ಬೇರೆಯೇ ಮಟ್ಟದ ಕಾರ್ಡ್. ಐದು ಮನಾದ 3/2 ಕ್ರೀಚರ್, ಫ್ಲ್ಯಾಶ್ (ಯಾರ ಟರ್ನ್‌ನಲ್ಲಾದರೂ ಆಡಬಹುದು) ಮತ್ತು ಲೈಫ್‌ಲಿಂಕ್ (ಅದು ಮಾಡಿದ ಡ್ಯಾಮೇಜ್‌ನಷ್ಟು ಲೈಫ್ ನಮಗೆ) ಇದೆ. ಬಂದ ಕೂಡಲೇ ಇನ್ನೊಂದು ಕ್ರೀಚರ್ ಅನ್ನು ಎಕ್ಸೈಲ್ ಮಾಡಿ, ಸೋರ್ಡ್ಸ್ ಥರವೇ ಪವರ್‌ನಷ್ಟು ಲೈಫ್ ಕೊಡುತ್ತದೆ. ಮನಾ ಇಲ್ಲದಿದ್ದರೆ ಕೈಯಿಂದ ಇನ್ನೊಂದು ಬಿಳಿ ಕಾರ್ಡ್ ಎಕ್ಸೈಲ್ ಮಾಡಿ ಬಿಟ್ಟಿಯಾಗಿ ಆಡಬಹುದು, ಆಗ ಅದು ಕೆಲಸ ಮುಗಿಸಿ ಸಾಯುತ್ತದೆ. ಒಂದಕ್ಕೆ ಎರಡು ಕಾರ್ಡ್ ಕೊಟ್ಟ ಹಾಗೆ, ಅದು ದುಬಾರಿ. ಆದರೆ ಎಫೆಮರೇಟ್ ಜತೆಗಿದ್ದರೆ ಚಿತ್ರವೇ ಬದಲಾಗುತ್ತದೆ. ಸಾಲಿಟ್ಯೂಡ್ ಸಾಯುವ ಮೊದಲೇ ಒಂದು ಮನಾ ಕೊಟ್ಟು ಎಫೆಮರೇಟ್ ಹೊಡೆದರೆ ಅದು ಹೋಗಿ ಹೊಸದಾಗಿ ವಾಪಸ್ ಬರುತ್ತದೆ, ಇನ್ನೊಂದು ಕ್ರೀಚರ್ ಎಕ್ಸೈಲ್ ಆಗುತ್ತದೆ, ಸಾಲಿಟ್ಯೂಡ್ ನನ್ನ ಬಳಿಯೇ ಉಳಿಯುತ್ತದೆ. ನನ್ನ ಮುಂದಿನ ಟರ್ನ್‌ನ ಶುರುವಿನಲ್ಲಿ ಎಫೆಮರೇಟ್ ರೀಬೌಂಡ್ ಆಗಿ, ಅಂದರೆ ಬಿಟ್ಟಿಯಾಗಿ ಇನ್ನೊಂದು ಸಲ ಬಂದು, ಮತ್ತೊಮ್ಮೆ ಇದೇ ನಡೆಯುತ್ತದೆ. ಮೂರು ಕ್ರೀಚರ್ ಹೋದವು, ಖರ್ಚಾದದ್ದು ಒಂದೇ ಮನಾ! ಆದರೂ ಮೊದಲ ಟರ್ನ್‌ನ ಚಿಕ್ಕ ಕ್ರೀಚರ್‌ಗೆ ಇದನ್ನು ಖರ್ಚು ಮಾಡಲು ಮನಸ್ಸು ಬರುವುದಿಲ್ಲ. ಅಲ್ಲಿ ಸೋರ್ಡ್ಸ್‌ಗೆ ಸಾಟಿ ಇಲ್ಲ.

ನನ್ನ ಲೆಗಸಿ ಕಂಟ್ರೋಲ್ ಡೆಕ್‌ನಲ್ಲಿ ಈಗ ನಾಲ್ಕು ಸೋರ್ಡ್ಸ್ ಇವೆ, ಪಾಥ್ ಒಂದೂ ಇಲ್ಲ. ಮಾಡರ್ನ್‌ನ ಬಿಳಿ ಕ್ರೀಚರ್ ಡೆಕ್‌ನಲ್ಲಿ ನಾಲ್ಕು ಪಾಥ್, ನಾಲ್ಕು ಆರ್ಬಿಟರ್.

ಉಳಿದದ್ದು ಕಮಾಂಡರ್. ಇಲ್ಲಿ ನೂರು ಕಾರ್ಡ್‌ನ ಡೆಕ್, ಬೇಸಿಕ್ ಲ್ಯಾಂಡ್ ಬಿಟ್ಟರೆ ಪ್ರತಿ ಕಾರ್ಡ್ ಒಂದೊಂದೇ. ಹಾಗಾಗಿ ಬಿಳಿ ಆಡುವವರು ಎರಡನ್ನೂ ಹಾಕಿಕೊಳ್ಳುತ್ತಾರೆ, ನಾನೂ ಹಾಕುತ್ತೇನೆ. ಆದರೆ ಎರಡೂ ಕೈಯಲ್ಲಿದ್ದಾಗ ಮೊದಲು ಯಾವುದನ್ನು ಹೊಡೆಯಬೇಕು ಎನ್ನುವುದು ಮುಖ್ಯ. ಎಲ್ಲರೂ 40 ಲೈಫ್‌ನಿಂದ ಶುರು ಮಾಡುತ್ತಾರೆ, ಸಾಮಾನ್ಯವಾಗಿ ನಾಲ್ಕು ಜನ. ಅಲ್ಲಿ ಒಬ್ಬರಿಗೆ 6 ಲೈಫ್ ಕೊಟ್ಟರೆ ಅದನ್ನು ಇಳಿಸಲು ನನ್ನ ಜತೆ ಇನ್ನಿಬ್ಬರು ಇದ್ದಾರೆ. ಲ್ಯಾಂಡ್ ಕೊಟ್ಟರೆ ಅದರ ಬಿಸಿ ಮೂವರಿಗೂ ತಟ್ಟುತ್ತದೆ. ಇನ್ನೂ ಮುಖ್ಯವಾದದ್ದು, ನಾವು ಹೆಚ್ಚಾಗಿ ಹೊಡೆಯುವುದು ಎದುರಿನವರ ಕಮಾಂಡರ್‌ಗೆ, ಅಂದರೆ ಅವರ ಡೆಕ್‌ನ ನಾಯಕನಾದ ಕ್ರೀಚರ್‌ಗೆ. ಅದು ಎಕ್ಸೈಲ್ ಆದರೂ ಅವರು ಅದನ್ನು ಕಮಾಂಡ್ ಜೋನ್‌ಗೆ (ಕಮಾಂಡರ್ ಕಾಯುವ ಪ್ರತ್ಯೇಕ ಜಾಗಕ್ಕೆ) ಕಳಿಸಿಕೊಳ್ಳಬಹುದು. ಅಲ್ಲಿಂದ ಮತ್ತೆ ತರಬೇಕಾದರೆ ಪ್ರತಿ ಸಲ ಎರಡು ಮನಾ ಹೆಚ್ಚು ಕೊಡಬೇಕು. ಪಾಥ್ ಹೊಡೆದರೆ ಆ ಎರಡರಲ್ಲಿ ಒಂದನ್ನು ನಾನೇ ಕೊಟ್ಟು ಕಳಿಸಿದ ಹಾಗೆ. ಅದಕ್ಕೇ ಕಮಾಂಡರ್‌ಗೆ ಸೋರ್ಡ್ಸ್, ಉಳಿದ ಕ್ರೀಚರ್‌ಗಳಿಗೆ ಪಾಥ್ ಎಂದು ಇಟ್ಟುಕೊಂಡಿದ್ದೇನೆ. ಬಿಳಿ ಬಣ್ಣಕ್ಕೆ ಲ್ಯಾಂಡ್ ಹುಡುಕುವ ದಾರಿಗಳು ಕಡಿಮೆ. ಯಾರಾದರೂ ಇಡೀ ಬೋರ್ಡ್ ಗುಡಿಸುವ ಕಾರ್ಡ್ ಆಡಿದಾಗ, ಹೇಗೂ ಸಾಯುವ ನನ್ನ ಟೋಕನ್‌ಗೆ ಪಾಥ್ ಹೊಡೆದು ಲ್ಯಾಂಡ್ ಎತ್ತಿಕೊಳ್ಳುವುದೂ ಇದೆ.

ಕಮಾಂಡರ್ ಡ್ಯಾಮೇಜ್‌ನಿಂದಲೇ ಗೆಲ್ಲುವ ಡೆಕ್ ಆಡುವಾಗ ಸೋರ್ಡ್ಸ್‌ಗೆ ಕೊರತೆಯೇ ಇರುವುದಿಲ್ಲ. ಒಂದೇ ಕಮಾಂಡರ್‌ನಿಂದ 21 ಡ್ಯಾಮೇಜ್ ತಿಂದವರು, ಲೈಫ್ ಎಷ್ಟಿದ್ದರೂ ಸೋಲುತ್ತಾರೆ. ದಾರಿಗೆ ಅಡ್ಡ ನಿಂತ 10/10 ಬ್ಲಾಕರ್‌ಗೆ ಸೋರ್ಡ್ಸ್ ಹೊಡೆದು, ಅವರ ಲೈಫ್ 50ಕ್ಕೆ ಏರಿದರೂ ಪರವಾಗಿಲ್ಲ ಎಂದು ಅಟ್ಯಾಕ್ ಮಾಡಬಹುದು. ಅಂಥ ಡೆಕ್‌ನಲ್ಲಿ ಜಾಗ ಸಾಲದೆ ಒಂದನ್ನು ತೆಗೆಯಲೇಬೇಕು ಎಂದಾದರೆ ನಾನು ತೆಗೆಯುವುದು ಪಾಥ್.